ಆಮೆನ್‌ಗೆ ಮೊದಲು

ಪ್ರತಿ ಭಾನುವಾರ ರಾಣೆಬೆನ್ನೂರಿನಿಂದ ಪ್ಯಾಸೆಂಜರ್ ರೈಲಿಗೆ ಬ್ಯಾಡಗಿಗೆ ಬರುತ್ತಿದ್ದ ಕ್ರೈಸ್ತ ಉಪದೇಶಿಯೊಬ್ಬರು, ನಮ್ಮ ಪಕ್ಕದ ಮನೆಯ ಪಡಸಾಲೆಯಲ್ಲಿ ಆರೇಳು ಜನರಿಗೆ ಆರಾಧನೆ ನಡೆಸುತ್ತಿದ್ದರು. ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತ, ಕನ್ನಡಕ ಒರೆಸಿಕೊಳ್ಳುತ್ತ, ಯಾರು ಏನು ಕೇಳಿದರೂ ಬೈಬಲ್ ತೋರಿಸಿ ದಣಿದ ದನಿಯಲ್ಲಿ, "ಪುಸ್ತಕದಾಗ ಬರದದ್ದು ಇಷ್ಟ ನೋಡ್ರಿ," ಎನ್ನುತ್ತಿದ್ದರು. ನಾನು ಕ್ರೈಸ್ತನಲ್ಲ, ಹಾಡು ಕೇಳಲು ಹೋಗಿ ಬಾಗಿಲ ಬಳಿ ಕೂರುತ್ತಿದ್ದೆ.

ಒಂದು ಭಾನುವಾರ ಪಾಪ ಮಾಡಿದ ದೇವದೂತರ ಪಾಠ ಬಂತು. ತೀರ್ಪಿನ ದಿನದವರೆಗೆ ಅವರಿಗೆ ಕತ್ತಲೆ, ಸಂಕೋಲೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯ ಮುದುಕಿಯೊಬ್ಬಳು ಕೇಳಿದಳು: "ನಮ್ಮ ಸಲುವಾಗಿ ಯೇಸಪ್ಪ ಸತ್ತ. ಅವ್ರ ಸಲುವಾಗಿ ಯಾರೂ ಇಲ್ಲೇನ್ರೀ?"

"ಇಲ್ಲ ಯವ್ವಾ. ಪುಸ್ತಕದಾಗ ಬರದದ್ದು ಇಷ್ಟ."

ಅಂದಿನಿಂದ, ಎಲ್ಲರಿಗಾಗಿ ಬೇಡಿಕೊಂಡಾದ ಮೇಲೆ, ಆಮೆನ್ ಅನ್ನುವ ಮೊದಲು, ಉಪದೇಶಿ ಕಣ್ಣು ಮುಚ್ಚಿ ಬಹಳ ಹೊತ್ತು ಸುಮ್ಮನೆ ನಿಲ್ಲತೊಡಗಿದರು. ಜನ ಚಡಪಡಿಸುತ್ತಿದ್ದರು. ಒಮ್ಮೆ ಸ್ಟೇಶನ್ನಿಗೆ ಬಿಡಲು ಹೋದಾಗ ಕಾರಣ ಕೇಳಿದೆ.

ಬೆಂಚಿನ ಮೇಲೆ ಕುಸಿದು ಕೂತರು. "ಆ ದೂತರ ಸಲುವಾಗಿ ಬೇಡ್ಕೋ ಅಂತ ಪುಸ್ತಕದಾಗ ಎಲ್ಲೂ ಬರದಿಲ್ರಿ. ಆದ್ರ ಸುಮ್ನ ನಿಂದರಬ್ಯಾಡ ಅಂತನೂ ಬರದಿಲ್ಲ."