ಮೆಗ್ನೀಷಿಯಂ ಉರಿದ ದಿನ

ಬಿಳೇಕಹಳ್ಳಿಯಲ್ಲಿ ನಮ್ಮ ಮನೆಯ ಹಿಂದೆ ಇನ್ನೂ ಹುರುಳಿಕಾಯಿ ಬೆಳೆಯುತ್ತಿದ್ದ ಕಾಲವದು. ಮುಂದಿನ ರಾಗಿ ಹೊಲ ಆಗಲೇ ಸೈಟುಗಳಾಗಿತ್ತು. ಅಪ್ಪ ಹಳೇ ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ನಾನು ಒಂಬತ್ತನೇ ಕ್ಲಾಸಿಗೆ ಹೋದ ವರ್ಷ, ಮಳೆಗಾಲದ ಮೊದಲಿಗೆ, ಗದಗದ ಕಡೆಯ ಒಂದು ಸಂಸಾರ ಅಲ್ಲಿಗೆ ಬಂತು. ಯಜಮಾನರಿಗೆ ಬೊಮ್ಮನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಅವರ ಒಬ್ಬಳೇ ಮಗಳು ಸುವರ್ಣಾ. ನನ್ನ ವಯಸ್ಸೇ. ಜಯನಗರದ ನಮ್ಮ ಸ್ಕೂಲಿಗೆ, ನನ್ನ ಕ್ಲಾಸಿಗೇ ಸೇರಿದಳು.

ಮೊದಲ ತಿಂಗಳು ನಾವಿಬ್ಬರೂ ಒಂದೇ ಜೀವ. ಅವರಮ್ಮ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನಾನು ಮೇಲಕ್ಕೆ ಓಡುತ್ತಿದ್ದೆ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದಿಷ್ಟು ಎಣ್ಣೆ. ಸಂಜೆ ಟೆರೇಸಿನ ಮೇಲೆ ಕುಂಟೆಬಿಲ್ಲೆ. ಆಮೇಲೆ ಅಮ್ಮನ ಮಾತು ಶುರುವಾಯಿತು.

“ಸುವರ್ಣನ ಅಕ್ಷರ ನೋಡೇ ಮಂಜು, ಎಷ್ಟು ದುಂಡಗಿದೆ. ನಿಂದು ಕೋಳಿ ಕೆರೆದಂಗಿದೆ.”

ಅಮ್ಮ ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚುವಾಗ ಅವಳನ್ನೂ ಕರೆದು ಕೂರಿಸಿಕೊಳ್ಳುತ್ತಿದ್ದಳು. ನನ್ನ ಜಡೆಗಿಂತ ಅವಳ ಜಡೆ ಹೆಣೆಯುವಾಗ ಅಮ್ಮನ ಕೈ ಹೆಚ್ಚು ನಿಧಾನ, ಹೆಚ್ಚು ಮೆತ್ತಗೆ ಅಂತ ನನಗನ್ನಿಸುತ್ತಿತ್ತು. ಅದನ್ನೆಲ್ಲ ಹೇಗೋ ನುಂಗಿಕೊಂಡೆ. ಆದರೆ ವಿಜ್ಞಾನ ನನ್ನದಾಗಿತ್ತು. ಐದನೇ ಕ್ಲಾಸಿನಿಂದ ಅದರಲ್ಲಿ ನಾನೇ ಫಸ್ಟು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ನನಗಿಂತ ನಾಲ್ಕು ಮಾರ್ಕ್ಸ್ ಹೆಚ್ಚು ತೆಗೆದಾಗ, ಮೇಲಿನಿಂದ ರೊಟ್ಟಿಯ ಸದ್ದು ಕೇಳಿದರೂ ನಾನು ಮೆಟ್ಟಿಲು ಹತ್ತಲಿಲ್ಲ.

ಡಿಸೆಂಬರಿನಲ್ಲಿ ಪೇರೆಂಟ್ಸ್ ಡೇ. ಸೈನ್ಸಿನ ಸರೋಜಾ ಮಿಸ್ ಮೆಗ್ನೀಷಿಯಂ ಉರಿಸಿ ತೋರಿಸಬೇಕೆಂದು ನಿರ್ಧರಿಸಿದರು. ಲ್ಯಾಬಿನ ಡಬ್ಬಿಯಲ್ಲಿ ಅದು ಸುರುಳಿ ಸುತ್ತಿದ ತೆಳು ಪಟ್ಟಿಯಾಗಿ, ಬೂದು ಬಣ್ಣಕ್ಕೆ ತಿರುಗಿ ಬಿದ್ದಿತ್ತು. ಉಪ್ಪುಕಾಗದದಿಂದ ತಿಕ್ಕಿದರೆ ಒಳಗಿನ ಬೆಳ್ಳಿ ಹೊಳಪು ಈಚೆಗೆ ಬರುತ್ತಿತ್ತು.

“ಸುವರ್ಣಾ, ನೀನು ಉರಿಸಿ ವಿವರಿಸು,” ಅಂದರು ಮಿಸ್. ಆಮೇಲೆ ನನ್ನ ಕಡೆ ತಿರುಗಿ, “ಮಂಜುಳಾ, ನೀನು ಕೆಳಗೆ ಬೂದಿ ಬೀಳೋದಕ್ಕೆ ತಟ್ಟೆ ಹಿಡ್ಕೋಮ್ಮ.”

ನನಗೆ ತಟ್ಟೆ. ಆ ದಿನ ಬಸ್ಸಿನಲ್ಲಿ ಸುವರ್ಣಾ ಏನೇನೋ ಮಾತಾಡಿದಳು. ನಾನು ಕಿಟಕಿ ಕಡೆ ನೋಡುತ್ತ ಕೂತಿದ್ದೆ.

ಪೇರೆಂಟ್ಸ್ ಡೇ ಬೆಳಿಗ್ಗೆ ಅವಳು ಒಂದು ತುಂಡನ್ನು ಚೆನ್ನಾಗಿ ತಿಕ್ಕಿ, ಕಾಗದದಲ್ಲಿ ಮಡಿಚಿ ಮೇಜಿನ ಮೇಲಿಟ್ಟು ಪ್ರಾರ್ಥನೆಗೆ ಹೋದಳು. ನಾನು ಹಿಂದೆ ಉಳಿದೆ. ಡಬ್ಬಿಯ ತಳದಿಂದ ತೀರಾ ಕಪ್ಪಿಟ್ಟ ತುಂಡೊಂದನ್ನು ಆರಿಸಿ ಕಾಗದದೊಳಗಿಟ್ಟೆ. ಹೊಳೆಯುವ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಉಪ್ಪುಕಾಗದವನ್ನು ನನ್ನ ಬ್ಯಾಗಿಗೆ ತುರುಕಿದೆ. ಆಮೇಲೆ ಪ್ರಾರ್ಥನೆಗೆ ಓಡಿದೆ.

ಹನ್ನೊಂದು ಗಂಟೆಗೆ ಲ್ಯಾಬಿನ ತುಂಬಾ ಜನ. ನಮ್ಮಮ್ಮನೂ ಅವರಮ್ಮನೂ ಒಟ್ಟಿಗೆ ನಿಂತಿದ್ದರು. ಕಿಟಕಿ ಬಾಗಿಲುಗಳನ್ನು ಎಳೆದು ಕತ್ತಲೆ ಮಾಡಿದ್ದರು. ಸುವರ್ಣಾ ಇಕ್ಕಳದಲ್ಲಿ ಪಟ್ಟಿ ಹಿಡಿದು ಸ್ಪಿರಿಟ್ ದೀಪದ ಉರಿಗೆ ಒಡ್ಡಿದಳು. ಏನೂ ಆಗಲಿಲ್ಲ. ಇನ್ನಷ್ಟು ಹೊತ್ತು ಹಿಡಿದಳು. ಹಿಂದೆ ಯಾರೋ ಹುಡುಗರು ಕಿಸಕ್ಕನೆ ನಕ್ಕರು. “ಏನಾಯ್ತಮ್ಮ?” ಅಂದರು ಮಿಸ್. ತಟ್ಟೆ ಹಿಡಿದ ನನ್ನೊಳಗೆ ಹಾಯೆನಿಸಿತು. ಸುಳ್ಳು ಹೇಳುವುದಿಲ್ಲ.

ಅವಳು ಪಟ್ಟಿಯನ್ನು ಹತ್ತಿರ ತಂದು ನೋಡಿದಳು. ಉಪ್ಪುಕಾಗದ ಹುಡುಕಿದಳು, ಸಿಗಲಿಲ್ಲ. ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಕಿಟಕಿಯ ಬಳಿಗೆ ಹೋಗಿ, ಒರಟು ಸಿಮೆಂಟಿನ ಅಂಚಿಗೆ ಪಟ್ಟಿಯನ್ನು ಗಸಗಸ ತಿಕ್ಕತೊಡಗಿದಳು.

“ಇದಕ್ಕ ಗಾಳಿ ತಾಗಿ ಮ್ಯಾಲೆ ಒಂದು ಪದರ ಕೂತೈತ್ರಿ,” ಅಂತ ಎಲ್ಲರಿಗೂ ಹೇಳಿದಳು, ಮೊದಲೇ ಹಾಗೆ ಯೋಚಿಸಿಕೊಂಡಿದ್ದವಳಂತೆ. “ಅದು ಇರೋತನಕ ಲಗೂನ ಹೊತ್ತಂಗಿಲ್ರಿ. ಈಗ ನೋಡ್ರಿ. ಆದ್ರ ಯಾರೂ ನೆಟ್ಟಗ ಬೆಳಕ ನೋಡಬ್ಯಾಡ್ರಿ.”

ಈ ಸಲ ಹೊತ್ತಿಕೊಂಡಿತು. ಲ್ಯಾಬಿನ ಗೋಡೆ, ಸೀಸೆ, ಜನರ ಮುಖಗಳೆಲ್ಲ ಬೆಳ್ಳಗಾದವು. ನಾನು ಹಟಕ್ಕೆ ಬಿದ್ದು ಆ ಬೆಳಕನ್ನೇ ನೋಡಿದೆ. ತಟ್ಟೆಗೆ ಬಿಳೀ ಬೂದಿ ಉದುರಿದ್ದು ನನಗೆ ಕಾಣಲಿಲ್ಲ. ಎಲ್ಲಿ ನೋಡಿದರೂ ಹಸಿರು ಮಚ್ಚೆಯೊಂದು ತೇಲುತ್ತಿತ್ತು. ಚಪ್ಪಾಳೆ ಮಾತ್ರ ಕೇಳಿಸಿತು. ಅದರ ನಡುವೆ ಅಮ್ಮನ ದನಿ: “ನಮ್ಮನೆ ಮೇಲಿನ ಹುಡುಗಿ.” ಅಷ್ಟು ಹೆಮ್ಮೆಯಿಂದ.

ಬಸ್ ಸ್ಟಾಪಿಗೆ ಹೋಗುವಾಗ ಸುವರ್ಣಾ ನನ್ನ ಕೈ ಹಿಡಿದುಕೊಂಡಳು.

“ಬೆಳಕ ನೋಡಿದೇನು? ಕಣ್ಣು ಉರೀತಾವೇನು?”

ನಾನು ಇನ್ನೊಂದು ಕೈಯಿಂದ ಕಣ್ಣು ಉಜ್ಜಿಕೊಂಡೆ.

“ಆ ತುಂಡು ನೀನ ಇಟ್ಟಿದ್ದೀ, ಹೌದಿಲ್ಲೋ?”

“ನಾನ್ಯಾಕೆ ಇಡ್ಲಿ? ನಂಗೇನೂ ಗೊತ್ತಿಲ್ಲ.”

“ಆತು ಬಿಡು,” ಅಂದಳು. ಕೈ ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ.

ಅವಳು ಯಾರಿಗೂ ಹೇಳಲಿಲ್ಲ, ಮಿಸ್‌ಗೂ ಇಲ್ಲ, ಅಮ್ಮನಿಗೂ ಇಲ್ಲ. ಅದೇ ನನಗೆ ಇನ್ನಷ್ಟು ಸಂಕಟ. ಜಗಳವಾಡಿದ್ದರೆ ಸಮ ಆಗುತ್ತಿತ್ತೇನೋ. ಒಳ್ಳೆಯತನದಲ್ಲೂ ಅವಳೇ ಫಸ್ಟು ಬಂದಂತಾಯಿತು. ಪರೀಕ್ಷೆ ಮುಗಿದ ಮೇಲೆ ಅವಳ ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಟೆಂಪೋಗೆ ಸಾಮಾನು ಏರಿಸುವಾಗ ಅಮ್ಮ ಎರಡು ಸಲ ಕರೆದಳು. ತಲೆನೋವೆಂದು ಮುಸುಕು ಹಾಕಿ ಮಲಗಿದ್ದೆ.

ಹತ್ತನೇ ಕ್ಲಾಸಿನ ಅರ್ಧವಾರ್ಷಿಕದಲ್ಲಿ ವಿಜ್ಞಾನಕ್ಕೆ ನನಗೇ ಹೆಚ್ಚು ಮಾರ್ಕ್ಸ್. ಉತ್ತರಪತ್ರಿಕೆ ಹಿಡಿದು ಗೇಟು ದಾಟಿದವಳು ಸೀದಾ ಮೇಲಿನ ಮನೆಗೆ ಓಡಿದೆ. ಬಾಗಿಲು ತಟ್ಟಿದ ಮೇಲೆ ನೆನಪಾಯಿತು. ಹೊಸದಾಗಿ ಬಂದಿದ್ದ ಆಂಟಿ ಬಾಗಿಲು ತೆರೆದು, “ಯಾರು ಬೇಕಮ್ಮ?” ಅಂದರು. ಏನೂ ಇಲ್ಲವೆಂದು ಇಳಿದು ಬಂದೆ. ಆ ಮಾರ್ಕ್ಸನ್ನು ಅಮ್ಮನಿಗೆ ಹೇಳಿದ್ದು ಮಾರನೇ ದಿನ.

ಈಗ ಆ ಮನೆಯೂ ಇಲ್ಲ, ಮೆಟ್ಟಿಲೂ ಇಲ್ಲ. ಆಮೇಲೆ ಕಾಲೇಜಿನಲ್ಲಿ, ಕೆಲಸದಲ್ಲಿ ಎಷ್ಟೋ ಜನರನ್ನು ಕಂಡು ಹೊಟ್ಟೆ ಉರಿದಿದೆ. ಆದರೆ ಗೆದ್ದಾಗ ಓಡಿಹೋಗಿ ತೋರಿಸಬೇಕು ಅನ್ನಿಸುವಂಥವರು ಅವರಲ್ಲಿ ಒಬ್ಬರೂ ಇರಲಿಲ್ಲ.