ದ್ವಾರಕಾಬಾಯಿಯವರ ಕನ್ನಡ ಫ್ಲಾಪಿ

1995ರಲ್ಲಿ ಸೊಲ್ಲಾಪುರದ ನವಿ ಪೇಠದಲ್ಲಿ ಕನ್ನಡ ಲಗ್ನಪತ್ರಿಕೆ ಬೇಕೆಂದರೆ ಇದ್ದದ್ದು ಒಂದೇ ಬಾಗಿಲು, ದ್ವಾರಕಾಬಾಯಿಯವರದು. ವಕೀಲರ ಹತ್ತಿರ ಹದಿನೆಂಟು ವರ್ಷ ಮರಾಠಿ ಟೈಪ್ ಮಾಡಿ, ಕೊನೆಗೆ ಸ್ವಂತ ಕಂಪ್ಯೂಟರು ಇಟ್ಟವರು. ಕನ್ನಡ ಬರೆಯುವ ಪ್ರೋಗ್ರಾಮಿನ ಫ್ಲಾಪಿ ಕೊಟ್ಟವನು ವಿಜಾಪುರದಲ್ಲಿ ಗುಮಾಸ್ತನಾಗಿದ್ದ ತಮ್ಮ ಗುರುರಾಜ. ಅದನ್ನು ಅವರು ಉಪ್ಪಿನಕಾಯಿ ಭರಣಿಯಂತೆ ಕಾಯುತ್ತಿದ್ದರು. ಪರರ ಕೈ ತಾಗಿದರೆ ಕೆಡುತ್ತದೆ ಎನ್ನುತ್ತಿದ್ದರು.

ಯುಗಾದಿಯ ಪಾಡ್ವಕ್ಕೆ ಗುರುರಾಜ ಹೊಸ ಅಕ್ಷರಗಳ ಇನ್ನೊಂದು ಫ್ಲಾಪಿ ಕೊಟ್ಟ. ಅಂದಿನಿಂದ ಕಂಪ್ಯೂಟರು ದಿನಾ ಸಂಜೆ ಐದಕ್ಕೆ ಕುಂಯ್ ಕುಂಯ್ ಎಂದು ಹಾಡತೊಡಗಿತು. ಅದರಲ್ಲಿ ಅವನು ಗಡಿಯಾರವನ್ನೂ ಹಾಕಿಕೊಟ್ಟಿದ್ದಾನೆಂದು ತಿಳಿದು ದ್ವಾರಕಾಬಾಯಿ ಒಂದು ವಾರ ಆ ಹಾಡಿಗೇ ಚಹಾಕ್ಕೆ ಇಟ್ಟರು. ಆಮೇಲೆ ಅನುಮಾನ ಬಂದು ರಿಪೇರಿಯ ಭೀಮಶಾನನ್ನು ಕರೆಸಿದರು.

"ವೈರಸ್ ಹೊಕ್ಕದರಿ ಬಾಯಾರ," ಎಂದ ಅವನು. "ಇದು ಗಾಳಿಗೆ ಬರೂದಲ್ಲ, ಫ್ಲಾಪಿ ಮ್ಯಾಲೆ ಬರ್ತದ. ಇದರಾಗ ಹಾಕಿದ್ದನ್ನ ಮತ್ತೊಂದರಾಗ ಹಾಕಿದ್ರ ಅಲ್ಲೂ ಹೊಕ್ಕೋತದ."

"ನಾ ಯಾರಿಗೂ ಕೊಟ್ಟಿಲ್ಲಪಾ!"

ಮರುದಿನ ಭೀಮಶಾ ಕಂಪ್ಯೂಟರನ್ನು ಬಿಚ್ಚಿಟ್ಟಿದ್ದ. ಆದರೂ ಐದಕ್ಕೆ ಸರಿಯಾಗಿ ಹಾಡು ಕೇಳಿಸಿತು, ಪಕ್ಕದ ಯೋಗಿರಾಜನ ಪ್ರೆಸ್ಸಿನಿಂದ. ದ್ವಾರಕಾಬಾಯಿ ಒಳಗೆ ನುಗ್ಗಿದಾಗ ಅವನು ರೇಡಿಯೋದ ಕಡೆ ಕೈ ತೋರಿಸಿದ. ರೇಡಿಯೋದ ವೈರು ಪ್ಲಗ್ಗಿನಿಂದ ಕಳಚಿ ನೆಲದ ಮೇಲೆ ಬಿದ್ದಿತ್ತು.

"ಚುಕಲೋ, ತಪ್ಪಾತು ವೈನಿ," ಎಂದ. "ನೀವು ಊಟಕ್ಕ ಹೋದಾಗ ಕಾಪಿ ಮಾಡ್ಕೊಂಡೆ. ಅಕ್ಕಲಕೋಟದ ಪ್ರೆಸ್ಸಿನ ಸಾತಲಿಂಗಪ್ಪಗೂ ಒಂದು ಕೊಟ್ಟೀನಿ. ಅಂವಾ ಮೈಂದರ್ಗಿ ಪ್ರೆಸ್ಸಿನವಗ ಕೊಟ್ಟಾನಂತ."

ಬೈಯಲು ಬಾಯಿ ತೆರೆದವರ ಕಣ್ಣಿಗೆ ಮೇಜಿನ ಮೇಲಿನ ಪತ್ರಿಕೆ ಬಿತ್ತು. ದಪ್ಪಕ್ಷರದಲ್ಲಿ 'ಶುಭ ವಿವಾದ' ಎಂದಿತ್ತು.

"ಇದನ್ನ ಎಷ್ಟು ಛಾಪಿಸಿದಿ?"

"ಐದನೂರು. ಹಂಚಿ ಮುಗಿಸ್ಯಾರ."

"ಯಾರೂ ಏನೂ ಅನಲಿಲ್ಲ?"

"ಕನ್ನಡ ಓದಾಕ ಬರಬೇಕಲ್ರಿ."

ಕದ್ದದ್ದಕ್ಕಿಂತ ಇದೇ ಅವರಿಗೆ ಹೆಚ್ಚು ಉರಿಯಿತು. ಗುರುರಾಜನಿಗೆ ಫೋನ್ ಮಾಡಿದರೆ, ಅವನೂ ಆ ಫ್ಲಾಪಿಯನ್ನು ಗೆಳೆಯನಿಗೆ ಹೇಳದೆಯೇ ಕಾಪಿ ಮಾಡಿಕೊಂಡಿದ್ದ. ಅವನ ಆಫೀಸಿನಲ್ಲೂ ಐದಕ್ಕೆ ಹಾಡು. ಜನ ಅದನ್ನು ಕೇಳಿಯೇ ಮನೆಗೆ ಹೊರಡುತ್ತಿದ್ದರಂತೆ. ಇನ್ನು ಯಾರನ್ನು ಬೈಯುವುದು?

ಸೋಮವಾರ ಭೀಮಶಾನೊಡನೆ ಬಸ್ಸು ಹತ್ತಿ ಅಕ್ಕಲಕೋಟ, ಮೈಂದರ್ಗಿ ಸುತ್ತಿದರು. ಅವನು ವೈರಸ್ ತೆಗೆಯುತ್ತಿದ್ದರೆ ಅವರು ಪಕ್ಕದಲ್ಲಿ ಕುಳಿತು ಅಲ್ಲಿನ ಪತ್ರಿಕೆಗಳ ಒತ್ತಕ್ಷರ ತಿದ್ದಿದರು. ಸಾತಲಿಂಗಪ್ಪ ನಾಚಿಕೊಂಡು ಭಜಿ ತರಿಸಿದ.

"ಫ್ಲಾಪಿ ಇಟ್ಕೋರಿ," ಎಂದರು ದ್ವಾರಕಾಬಾಯಿ. "ಆದ್ರ ಛಾಪಸೂಕಿಂತ ಮದಲ ಪ್ರೂಫ್ ನನಗ ಕಳಸ್ರಿ."

ಅಲ್ಲಿಂದ ಮುಂದೆ ಬಸ್ಸಿನ ಕಂಡಕ್ಟರರ ಕೈಯಲ್ಲಿ ಪ್ರೂಫುಗಳು ಬರತೊಡಗಿದವು. ಮರಾಠಿ ಶಾಲೆಯಲ್ಲಿ ಕಲಿತ ಯೋಗಿರಾಜ ಮಧ್ಯಾಹ್ನ ಅವರೆದುರು ಕುಳಿತು ಕಾಗುಣಿತ ಬರೆಯಬೇಕಾಯಿತು.

"ಎ, ಏ ಅಂತ ಎರಡು ಯಾಕ ಬೇಕ್ರಿ ವೈನಿ? ಮರಾಠಿಯೊಳಗ ಒಂದರಾಗ ಮುಗೀತದ," ಎಂದು ಗೊಣಗುತ್ತಿದ್ದ. ದ್ವಾರಕಾಬಾಯಿ ಇನ್ನೊಂದು ಪುಟ ಬರೆಸುತ್ತಿದ್ದರು.