ವಿಭೂತಿ ಇಲ್ಲದ ಹಣೆ

ಜತ್ತ ತಾಲೂಕಿನ ಒಂದು ಆಸ್ಪತ್ರೆಯಲ್ಲಿ ನಾನು ಸಿಸ್ಟರ್. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ವಾರ್ಡಿನವರು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಆದರೆ ಬಿಳೂರಿನಿಂದ ಬಂದಿದ್ದ ಆ ಅಜ್ಜಿಯ ಮೇಲೆ ಸಿಟ್ಟು ಮಾಡುವುದು ನನ್ನಿಂದಾಗುತ್ತಿರಲಿಲ್ಲ. ಸೂಜಿ ಚುಚ್ಚಿಸಿಕೊಂಡು, ಚುಚ್ಚಿದವಳಿಗೇ ನಿಂತು ನಿಂತು ಕಾಲು ನೋಯುವುದಿಲ್ಲವೇ ಎಂದು ಕೇಳುವ ಜೀವ ಅದು.

ಅಜ್ಜಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಇನ್ಸುಲಿನ್ ಬೇಕು. ಮನೆಯಲ್ಲಿ ಮಗನೇ ಕೊಡುತ್ತಿದ್ದ. ಅವರು ಮೇಲಿಂದ ಮೇಲೆ ತಲೆತಿರುಗಿ ಬೀಳತೊಡಗಿದ್ದರಿಂದ ನಮ್ಮಲ್ಲಿಗೆ ಕರೆತಂದಿದ್ದ. ದಾರಿಯಲ್ಲಿ ಯಾರೋ ಸಿಹಿ ಚಹಾ ಕುಡಿಸಿದ್ದರಂತೆ, ಹಾಗಾಗಿ ನಾವು ರಕ್ತ ನೋಡಿದಾಗ ಸಕ್ಕರೆ ಏರಿಯೇ ಇತ್ತು. ಬೀಳುವುದಕ್ಕೆ ಬೇರೇನೋ ಕಾರಣವಿರಬೇಕೆಂದು ಡಾಕ್ಟರು ಸಂಜೆ ಇಸಿಜಿ, ಎದೆಯ ಎಕ್ಸ್-ರೇ ಮಾಡಿಸಿದರು. ಏನೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಸಿರಿಂಜಿನಲ್ಲಿ ಇನ್ಸುಲಿನ್ ಎಳೆದುಕೊಂಡು ಹೋದೆ. ಈ ಔಷಧಿ ಒಳಗೆ ಹೋದಾಗ ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ಸರ್ರನೆ ಇಳಿದು ಎಚ್ಚರ ತಪ್ಪುತ್ತದೆ; ಜೀವವೇ ಹೋಗಬಹುದು. ನಾಷ್ಟಾ ಆಯಿತೇ ಎಂದು ಕೇಳಿದೆ. ಆತ್ರಿ ಎಂದರು. ನಮ್ಮ ಕಡೆ ಹಸಿದವರೂ ಮರ್ಯಾದೆಗೆ ಹಾಗೆ ಅನ್ನುತ್ತಾರೆ, ಅದು ನನಗೆ ಗೊತ್ತು. ಆದರೆ ಮಗ್ಗುಲಲ್ಲಿ ತಟ್ಟೆಯೂ ಖಾಲಿಯಾಗಿತ್ತು.

ಸ್ಪಿರಿಟ್ ಹಚ್ಚುತ್ತಾ ಮುಖ ನೋಡಿದೆ. ಹಿಂದಿನ ದಿನ ಹಣೆಯ ತುಂಬ ಇದ್ದ ವಿಭೂತಿ ಇರಲಿಲ್ಲ. ವಳಸಂಗದ ನಮ್ಮ ಮನೆಯಲ್ಲಿ ನನ್ನ ಅಜ್ಜಿ ಲಿಂಗಪೂಜೆಯಾಗದೆ ನೀರನ್ನೂ ಮುಟ್ಟುತ್ತಿರಲಿಲ್ಲ. ಹಣೆ ಬರಿದಾಗಿದ್ದರೆ ಪೂಜೆ ಆಗಿಲ್ಲ. ಪೂಜೆ ಆಗಿಲ್ಲವೆಂದರೆ ಊಟವೂ ಇಲ್ಲ. ಕೊರಳು ನೋಡಿದೆ. ಲಿಂಗವಿಡುವ ಬೆಳ್ಳಿಯ ಕರಡಿಗೆ ಅಲ್ಲಿರಲಿಲ್ಲ. ಎಕ್ಸ್-ರೇಗೆಂದು ಅದನ್ನು ತೆಗೆಸಿದ್ದರು. ಕಳೆದೀತೆಂದು ಮಗ ಜೋಪಾನವಾಗಿ ಜೇಬಿಗಿಟ್ಟುಕೊಂಡಿದ್ದ, ದನ ಹಿಂಡುವ ಹೊತ್ತಾಯಿತೆಂದು ಹಾಗೇ ಊರಿಗೆ ಹೋಗಿಬಿಟ್ಟಿದ್ದ.

"ಅವ್ವಾ, ಖರೇ ಹೇಳ್ರಿ. ಉಂಡೀರೇನು?"

ಅಜ್ಜಿ ನನ್ನ ಮುಂಗೈ ಹಿಡಿದರು. "ನೀ ಸೂಜಿ ಮಾಡಿಬಿಡ ಮಗಳ. ಇಲ್ಲಂದ್ರ ಸಾಹೇಬ್ರು ನಿನಗ ಬೈತಾರ."

ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ತನಗೆ ಕೊಟ್ಟರೆಂದು ಪಕ್ಕದ ಮಂಚದ ಕುರಿಗಾರರ ಹೆಂಗಸು ಹೇಳಿದಳು. ಸಿರಿಂಜನ್ನು ಟ್ರೇಯಲ್ಲಿಟ್ಟು ಡಾಕ್ಟರನ್ನು ಕರೆದೆ. ಕೊಡದಿದ್ದುದು ಒಳ್ಳೆಯದಾಯಿತು, ಸಕ್ಕರೆ ನೋಡುತ್ತಿರಿ ಎಂದರು. ಆಮೇಲೆ, ಮನೆಯಲ್ಲಿ ಸೂಜಿ ಎಷ್ಟೊತ್ತಿಗೆ, ಪೂಜೆ ಎಷ್ಟೊತ್ತಿಗೆ ಕೇಳು ಎಂದು, ಕನ್ನಡ ಬಾರದ ಅವರು ಮರಾಠಿಯಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಮಗ ಹೊಲಕ್ಕೆ ಹೋಗುವ ಮುಂಚೆ, ಹೊತ್ತು ಮೂಡುವಾಗಲೇ ಸೂಜಿ. ಅಜ್ಜಿಯ ಪೂಜೆ ಮಾತ್ರ ಕಸ, ಸೆಗಣಿ, ನೀರು, ಸ್ನಾನ ಎಲ್ಲ ಮುಗಿದ ಮೇಲೆ, ಹೊತ್ತು ನೆತ್ತಿಗೆ ಬಂದಾಗ. ಅಲ್ಲಿಯತನಕ ಉಪವಾಸ. ಎಕ್ಸ್-ರೇಯಲ್ಲಿ ಸಿಗದ ಕಾರಣ ಸಿಕ್ಕಿತ್ತು.

ಕರಡಿಗೆ ತರಲು ಫೋನು ಮಾಡಿದ ಮೇಲೆ ಮಗ ಮೋಟಾರ್‌ಸೈಕಲ್ ಹತ್ತಿ ಬಂದ. ಅದುವರೆಗೂ ರಮಿಸಿ ನೋಡಿದೆ, ಗದರಿಸಿ ನೋಡಿದೆ, ಅಜ್ಜಿ ಬಾಯಿಗೆ ಏನೂ ಹಾಕಲಿಲ್ಲ. ಅವನು ಎರಡೂ ಕೈಯಲ್ಲಿ ಕರಡಿಗೆ ಕೊಟ್ಟ. ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ, ತನ್ನದು ನಾಷ್ಟಾ ಆಗಿದೆ, ಕೆಲಸ ಬಿಟ್ಟು ಯಾಕೆ ಓಡಿ ಬಂದೆ ಎಂದುಬಿಟ್ಟರು. ಚಾದರದ ಮರೆಯಲ್ಲಿ ನನ್ನ ಕೈ ಚಿವುಟಿದರು, ಸುಮ್ಮನಿರು ಎಂಬಂತೆ. ಮಗನ ಮನಸ್ಸು ನೋಯಬಾರದೆಂದು ಆ ತಾಯಿಯ ಹಟ. ಆದರೆ ಅಜ್ಜಿ ಮನೆಗೆ ಹೋದ ಮೇಲೆ ಸೂಜಿ ಹಿಡಿಯುವವನು ಅವನೇ.

"ಅವ್ವ ಉಂಡಿಲ್ರಿ," ಎಂದೆ. "ಮನ್ಯಾಗೂ ನೀವು ಸೂಜಿ ಮಾಡಿ ಹೋದಮ್ಯಾಲೆ ಮಧ್ಯಾಹ್ನದ ತನಕ ಉಪಾಸ ಇರ್ತಾರ. ಅದಕ್ಕ ಬೀಳಾಕತ್ತಾರ."

ಅವನು ತಾಯಿಯ ಕಡೆ ನೋಡಿದ. "ದಿನಾ ಕೇಳೇ ಹೋಗ್ತಿದ್ನಿರಿ," ಎಂದ. "ಉಣ್ತೀನಿ, ನೀ ನಡಿಯಪಾ ಅಂತಿದ್ಲು."

ಅಜ್ಜಿ ನನ್ನ ಕಡೆಯಿಂದ ಮುಖ ತಿರುಗಿಸಿದರು. ನೋವಾಯಿತು ನನಗೆ. ನೀರು ತಂದುಕೊಟ್ಟೆ. ಅವರು ಮಂಚದ ಮೇಲೇ ಕೂತು ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸಿದರು, ವಿಭೂತಿ ಹಚ್ಚಿಕೊಂಡರು. ಮೊದಲು ಪೂಜೆ, ಆಮೇಲೆ ತಟ್ಟೆ ಮುಂದೆ ಬಂದಾಗ ಸೂಜಿ ಎಂದು ಡಾಕ್ಟರು ಹೊಸದಾಗಿ ಹೇಳಿದ್ದರು. ಮಗ ತಾನು ತಂದ ಬುತ್ತಿ ಬಿಚ್ಚಿಟ್ಟಾಗ ಸಕ್ಕರೆ ನೋಡಿ, ಹಾಗೇ ಸೂಜಿ ಕೊಟ್ಟೆ.

ಮಗನಿಗೆ ಹೊಲದಲ್ಲಿ ನೀರು ಹಾಯಿಸುವುದಿದೆಯೆಂದು ಯಾರದೋ ಫೋನು ಬಂತು. ಅದನ್ನು ಕಟ್ ಮಾಡಿ ಸ್ಟೂಲು ಎಳೆದುಕೊಂಡು ಎದುರಿಗೇ ಕೂತ. ಅಜ್ಜಿ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗಿಡುವುದನ್ನು, ಕೊನೆಯ ತುತ್ತಿನವರೆಗೂ, ಅವನು ನೋಡುತ್ತಲೇ ಇದ್ದ.